ಸಂಪಾದಕರ ಮಾತು: ಕೂಡಿಸಿದವರ ಹೆಸರೆಲ್ಲಿ?

ಹಿರೇಕೆರೂರು ಸೀಮೆಯ ಒಂದು ಜಾತ್ರೆ. ಬಳೆ ಅಂಗಡಿಗೂ ಬೆಂಡು ಬತ್ತಾಸಿನ ಅಂಗಡಿಗೂ ನಡುವೆ ತಾಡಪತ್ರಿ ಹಾಸಿಕೊಂಡು ಒಬ್ಬ ಪುಸ್ತಕ ಮಾರುತ್ತಿದ್ದ. ಇಪ್ಪತ್ತು ರೂಪಾಯಿ ಕೊಟ್ಟು ಸರ್ವಜ್ಞನ ತ್ರಿಪದಿಗಳನ್ನು ಕೊಂಡೆ. ಮೊದಲ ಪುಟದಲ್ಲಿ ಗಣಪತಿ, ಎರಡನೆಯದರಲ್ಲಿ ಪ್ರಕಾಶಕರ ಫೋನ್ ನಂಬರು, ಹಿಂದಿನ ರಟ್ಟಿನ ಒಳಗೆ ಊದಿನಕಡ್ಡಿಯ ಜಾಹೀರಾತು. ಸಂಪಾದಿಸಿದವರು ಯಾರು, ಯಾವ ಪ್ರತಿಯಿಂದ ಎತ್ತಿದ್ದು? ಅದರ ಸುದ್ದಿಯೇ ಇಲ್ಲ. ಕೇಳಿದೆ. "ಸರ್ವಜ್ಞನ ಪದಾ ಸರ್ವಜ್ಞನ ಬರದಿರ್ತಾನಲ್ರೀ ಸರ, ಮತ್ಯಾರು?" ಅಂದ.

ಮಾರುವವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ವೇದಿಕೆಯ ಮೇಲಿನವರ ಮೇಲೆ. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂದು ಬೆಳಗಿನ ತನಕ ವಾದಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪ್ರತಿಗಳನ್ನು ಹುಡುಕಿ, ಪಾಠ ಹೋಲಿಸಿ, 1924ರಲ್ಲಿ ಆ ಪದಗಳಿಗೊಂದು ಪುಸ್ತಕದ ರೂಪ ಕೊಟ್ಟ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಯಾಗಿದ್ದರು ಎಂದು ಅದೇ ವೇದಿಕೆಯಲ್ಲಿ ಒಮ್ಮೆ ಹೇಳಿ ನೋಡಿ, ಮೈಕು ಕೆಡುತ್ತದೆ. ಬಾಡದ ಕನಕದಾಸ ಶಿಗ್ಗಾವಿಯ ಹೆಮ್ಮೆ, ಒಪ್ಪಿದೆ. ಆದರೆ 1850ರಷ್ಟು ಹಿಂದೆಯೇ ಮಂಗಳೂರಿನ ಕಲ್ಲಚ್ಚಿನಲ್ಲಿ ದಾಸರ ಪದಗಳನ್ನು ಪುಸ್ತಕ ಮಾಡಿದವನು ಜರ್ಮನಿಯ ಮೊಗ್ಲಿಂಗ್. ಪದ ನಮ್ಮದು, ಅಚ್ಚು ಪರರದು. ಅವರ ಹೆಸರು ಹೇಳುವಷ್ಟೂ ಉಪಕಾರಸ್ಮರಣೆ ನಮಗಿಲ್ಲ.

ಈ ಮಾತು ಈಗ ಯಾಕೆಂದರೆ, 2023ರಲ್ಲಿ ಗೋರಖಪುರದ ಗೀತಾಪ್ರೆಸ್ಸಿಗೆ ನೂರು ತುಂಬಿ, ಗಾಂಧಿ ಶಾಂತಿ ಪ್ರಶಸ್ತಿಯೂ ಬಂದಾಗಿನಿಂದ, ಧರ್ಮಗ್ರಂಥ ಪ್ರಕಟಣೆಯೆಂದರೆ ಅದೊಂದೇ ಎಂಬಂತೆ ನಮ್ಮ ಓರಗೆಯ ಪತ್ರಿಕೆಗಳೂ ಬರೆಯುತ್ತಿವೆ. ಪ್ರಶಸ್ತಿಯ ಜೊತೆಗಿನ ಒಂದು ಕೋಟಿ ರೂಪಾಯಿ ಬೇಡವೆಂದ ಆ ಸಂಸ್ಥೆಯ ನಿಯಮನಿಷ್ಠೆಗೆ ಕೈಮುಗಿಯುತ್ತೇನೆ. ಅಲ್ಲಿ ಅಚ್ಚಾದದ್ದನ್ನೆಲ್ಲ ಒಪ್ಪುತ್ತೇನೆಂದಲ್ಲ. ಆದರೆ ಅದು ಹುಟ್ಟಿದ 1923ರಲ್ಲೇ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಶರಣರ ವಚನಗಳ ಸಂಕಲನ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಯಿತು. ಅವರ 'ಕಲ್ಯಾಣ' ಮಾಸಿಕ ಹೊರಟ 1926ರಲ್ಲೇ ಇಲ್ಲಿಯ 'ಶಿವಾನುಭವ'ವೂ ಹೊರಟಿತು. ಅಲ್ಲಿ ಬೆನ್ನಿಗೆ ಮಾರವಾಡಿ ವ್ಯಾಪಾರಿಗಳಿದ್ದರು. ಇಲ್ಲಿ ಇದ್ದವರು ಒಬ್ಬ ವಕೀಲರು, ಫ.ಗು. ಹಳಕಟ್ಟಿ.

ರಬಕವಿಯ ಮಂಚಾಲೆಯವರ ಮನೆಯಲ್ಲಿ ಓಲೆಗರಿ ಕಂಡ ದಿನದಿಂದ ಅವರಿಗೆ ಹಿಡಿದ ಹುಚ್ಚು ಅದು. ಆ ಕೆಲಸ ಎಂಥದೆಂದು ಒಂದು ಗರಿ ಕೈಯಲ್ಲಿ ಹಿಡಿದವರಿಗೆ ಗೊತ್ತು. ಪದ ಬಿಡಿಸದೆ ಸಾಲುಗಟ್ಟಿ ಕೊರೆದ ಅಕ್ಷರ, ಕಾಡಿಗೆ ಸವರಿದರಷ್ಟೇ ಕಣ್ಣಿಗೆ ಬೀಳುವ ಗೀರು, ಅಂಚಿಗೆ ಹುಳ ತಿಂದ ತೂತು. ವಚನ ಎಲ್ಲಿ ಮುಗಿಯಿತು, ಅಂಕಿತ ಯಾರದು ಎಂದು ಬಿಡಿಸಿ, ಹಾಳೆಗಿಳಿಸಿ, ಮೊಳೆ ಜೋಡಿಸುವವನಿಗೆ ಕೊಟ್ಟು, ಕರಡು ತಿದ್ದಬೇಕು. ಬೆಳಗಾವಿಯಲ್ಲಿ ಅಚ್ಚಾಗುವ ಮೊದಲು ಬಾಸೆಲ್ ಮಿಷನ್ ಪ್ರೆಸ್ಸು ಆ ಹಸ್ತಪ್ರತಿಯನ್ನು ವಾಪಸು ಕಳಿಸಿತ್ತು. ಕಾರಣ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಇದ್ದ ಮನೆ ಮಾರಿ 1925ರಲ್ಲಿ ವಿಜಯಪುರದಲ್ಲಿ ಸ್ವಂತದ ಪ್ರೆಸ್ಸು ಹೂಡಿದರು. ಅವರು ಕೈಹಾಕುವ ಮೊದಲು ಐವತ್ತರ ಆಸುಪಾಸಿದ್ದ ವಚನಕಾರರ ಲೆಕ್ಕ ಇನ್ನೂರೈವತ್ತಕ್ಕೆ ಏರಿತು.

ವಚನಗಳು ಹಿಂದೂ ಪರಂಪರೆಯವೋ ಲಿಂಗಾಯತ ಧರ್ಮದವೋ ಎಂದು 2024ರಲ್ಲಿ 'ವಚನ ದರ್ಶನ' ಪುಸ್ತಕದ ಸುತ್ತ ಎದ್ದ ಜಗಳದಲ್ಲಿ ಎರಡೂ ಪಾಳಯದವರು ಎಳೆದಾಡಿದ ವಚನಗಳು ಹಳಕಟ್ಟಿಯವರು ಅಚ್ಚಿಗೆ ತಂದ ರಾಶಿಯವೇ. ಅವರ ಅಚ್ಚುಕೂಟ ಹಿಂದೂ ಅಚ್ಚುಕೂಟವೋ ಲಿಂಗಾಯತ ಅಚ್ಚುಕೂಟವೋ ಎಂದು ನನ್ನನ್ನೂ ಕೇಳಿದವರಿದ್ದಾರೆ. ಅವರು ಅದಕ್ಕೆ ಇಟ್ಟ ಹೆಸರು 'ಹಿತಚಿಂತಕ'.

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ ಕಲ್ಯಾಣಮಂಟಪ ಕಟ್ಟಿಸಲು ಹೊರಟರೆ ದಾನಿಗಳು ಸಾಲುಗಟ್ಟುತ್ತಾರೆ. 1909ರಲ್ಲಿ ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳ ಭಾವಚಿತ್ರಕ್ಕೆ ಪಲ್ಲಕ್ಕಿಯೂ ಉಂಟು, ಡೊಳ್ಳೂ ಉಂಟು. ಶಿಶುವಿನಾಳದ ಶರೀಫರ ಪದಗಳನ್ನು ಪಾಠಾಂತರ ಸಮೇತ ಮತ್ತೊಮ್ಮೆ ಅಚ್ಚು ಹಾಕೋಣವೆಂದು ಒಬ್ಬ ದೊಡ್ಡವರ ಮುಂದೆ ಕೂತೆ. "ಯೂಟ್ಯೂಬಿನ್ಯಾಗ ಅದಾವಲ್ರೀ" ಎಂದು ಚಹಾ ತರಿಸಿದರು. ಚಹಾ ಚೆನ್ನಾಗಿತ್ತು.

ಈ ಸಂಚಿಕೆ ಅಚ್ಚುಕೂಟಗಳ ಕುರಿತದ್ದು, ಲೇಖನಗಳು ಒಳಗಿವೆ.

ಇನ್ನೊಂದು ಮಾತು. ಸಂಪಾದಕರ ಹೆಸರು, ಆಧಾರಪ್ರತಿ ಎರಡನ್ನೂ ನಮೂದಿಸದ ದಾಸ-ಶರಣ-ತತ್ವಪದ ಪುಸ್ತಕಗಳನ್ನು ಇನ್ನು ಮೇಲೆ ಸ್ವೀಕಾರದ ಪಟ್ಟಿಯಲ್ಲೂ ಹಾಕುವುದಿಲ್ಲ. ಅಂಥ ಮೂರು ಮೇಜಿನ ಮೇಲಿವೆ, ಒಂದಂತೂ ನನ್ನ ಗೆಳೆಯನದೇ. ಅಂಚೆ ಖರ್ಚು ನಮ್ಮದೇ, ಸೋಮವಾರ ವಾಪಸು ಹೋಗುತ್ತವೆ.