ಧ್ವಜವನ್ನು ಕೊಳ್ಳೋಣ, ತೋರಣವನ್ನು ಕಟ್ಟೋಣ

ಕನ್ನಡನಾಡಿನ ಬಹುಭಾಗಕ್ಕೆ ಸ್ವಾತಂತ್ರ್ಯವನ್ನು ಸ್ಮರಿಸುವ ದಿನ ವರ್ಷಕ್ಕೆ ಒಂದಾದರೆ, ಬಸವಕಲ್ಯಾಣ ಹುಮನಾಬಾದುಗಳನ್ನೊಳಗೊಂಡ ಬೀದರ ಸೀಮೆಗೆ ಅದು ಎರಡು. ಆಗಸ್ಟ್ 15 ದೇಶಕ್ಕೆಲ್ಲ ಸಮಾನವಾದದ್ದು. ಸೆಪ್ಟೆಂಬರ್ 17, ಹಿಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು 2019ರಿಂದೀಚೆಗೆ ಕಲ್ಯಾಣ ಕರ್ನಾಟಕವೆಂಬ ಅಭಿಧಾನವನ್ನು ಪಡೆದಿರುವ ಈ ಪ್ರಾಂತಕ್ಕೇ ಸ್ವಂತವಾದ ಪರ್ವ. ಇವೆರಡರೊಡನೆ ಜನವರಿ 26ನ್ನೂ ನವೆಂಬರ್ 1ನ್ನೂ ಎಣಿಸಿದರೆ, ಇಲ್ಲಿಯ ಮನೆಗಳ ಮುಂದಿನ ಕಟ್ಟೆಯು ನಾಡಿನ ಹೆಸರಿನಲ್ಲಿ ಶೃಂಗಾರವನ್ನು ಬೇಡುವ ದಿನಗಳು ನಾಲ್ಕಾಗುತ್ತವೆ. ಆ ಶೃಂಗಾರವನ್ನು ನಾವು ಈಗ ಹೇಗೆ ಪೂರೈಸುತ್ತಿದ್ದೇವೆಂಬುದನ್ನು ಕಾಣಬೇಕಾದರೆ ಹಬ್ಬದ ಮುನ್ನಾದಿನ ಸಂಜೆ ಪೇಟೆಯಲ್ಲೊಮ್ಮೆ ಅಡ್ಡಾಡಿದರೆ ಸಾಕು: ಯಂತ್ರವು ಸಹಸ್ರಗಟ್ಟಲೆ ಹೊಡೆದು ಹಾಕಿದ ಪುಟ್ಟ ಧ್ವಜಗಳ ಮಾಲೆ, ಮೂರು ಬಣ್ಣದ ಮಿನುಗುದೀಪಗಳ ಸರ, ಹೊಳೆಯುವ ಜರಿಕಾಗದದ ಚಕ್ರ. ಇವುಗಳನ್ನು ತಂದು ಬಾಗಿಲ ಮೇಲೆ ತೂಗುಬಿಟ್ಟರೆ ಗೃಹಸ್ಥನ ದೇಶಭಕ್ತಿಯ ಋಣ ಆ ವರ್ಷಕ್ಕೆ ಸಂದಂತಾಯಿತು. ಈ ಕ್ರಮದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಲಸಿಹೋಗಿವೆಯೆಂಬುದು ನನ್ನ ಆಕ್ಷೇಪ. ಧ್ವಜ ಬೇರೆ, ಅಲಂಕಾರ ಬೇರೆ. ಮೊದಲನೆಯದನ್ನು ಗೌರವದಿಂದ ಕೊಳ್ಳಬೇಕು, ಎರಡನೆಯದನ್ನು ಕೈಯಾರೆ ಮಾಡಬೇಕು.

ಮನೆಬಾಗಿಲಿನ ಮಾತನ್ನು ಇಷ್ಟು ದೊಡ್ಡದು ಮಾಡುವುದೇಕೆಂದು ಕೇಳುವವರು ಈ ಊರುಗಳ ಇತಿಹಾಸವನ್ನು ಕ್ಷಣಕಾಲ ನೆನೆಯಬೇಕು. 1947ರ ಆಗಸ್ಟ್ 15ರಂದು ಸೊಲ್ಲಾಪುರದಲ್ಲಿ ತ್ರಿವರ್ಣಧ್ವಜವು ನಿರಾತಂಕವಾಗಿ ಏರಿದಾಗ, ಅದೇ ಹೆದ್ದಾರಿಯ ಮೇಲೆ ಪೂರ್ವಕ್ಕಿರುವ ಹುಮನಾಬಾದಿನಲ್ಲಿ ಹಾಗೆ ಏರಿಸುವುದು ಅಪರಾಧವಾಗಿತ್ತು. ಸಂಸ್ಥಾನದ ಸರಕಾರ ಭಾರತ ಒಕ್ಕೂಟದ ಧ್ವಜಾರೋಹಣವನ್ನು ನಿಷೇಧಿಸಿತ್ತು. ಸಿಂದಗಿಯಲ್ಲಿ ಜನಿಸಿ ಹೈದರಾಬಾದಿನ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಆ ನಿಷೇಧವನ್ನು ಮುರಿಯುವಂತೆ ಜನರಿಗೆ ಕರೆಯಿತ್ತು ಸೆರೆಮನೆಯನ್ನು ಸೇರಿದರು. ಮರುವರ್ಷದ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಸಮೀಪದ ಗೋರಟಾ ಗ್ರಾಮವು ನಿಜಾಮರ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಿಂಸೆಗೆ ತುತ್ತಾಯಿತು. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆ, ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನಾಯಕತ್ವದಲ್ಲಿ, ನಳದುರ್ಗ ಉಮರ್ಗಾಗಳನ್ನು ದಾಟಿ ಮಾರನೆಯ ದಿನ ಇಂದಿನ ಬಸವಕಲ್ಯಾಣ ತಾಲೂಕಿನ ರಾಜೇಶ್ವರವನ್ನು ವಶಪಡಿಸಿಕೊಂಡಿತು. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಶರಣಾಗತರಾದರು. ದೇಶದ ಇತರರಿಗೆ ಒಂದು ಮಧ್ಯರಾತ್ರಿಯಲ್ಲಿ ದೊರೆತ ಹಕ್ಕು ಇಲ್ಲಿಯವರಿಗೆ ದೊರೆಯಲು 13 ತಿಂಗಳು ಕಾಯಬೇಕಾಯಿತು. ತನ್ನ ಬಾಗಿಲಿನ ಮೇಲೆ ತನಗೆ ಬೇಕಾದ ಬಣ್ಣವನ್ನು ಕಟ್ಟುವ ಸ್ವಾತಂತ್ರ್ಯ ಒಂದು ಕಾಲಕ್ಕೆ ಧೈರ್ಯವನ್ನು ಬೇಡಿದ ಈ ನೆಲದಲ್ಲಿ, ಇಂದು ಅದು ಕೊಂಚ ಶ್ರಮವನ್ನಾದರೂ ಬೇಡಬಾರದೆ?

ಧ್ವಜಕ್ಕೂ ಅಲಂಕಾರಕ್ಕೂ ಇರುವ ಭೇದ ನಾನು ಕಲ್ಪಿಸಿದ್ದಲ್ಲ, ಕಾನೂನೇ ವಿಧಿಸಿದ್ದು. 1947ರ ಜುಲೈ 22ರಂದು ಸಂವಿಧಾನ ಸಭೆಯು ಅಂಗೀಕರಿಸಿದ ಧ್ವಜವನ್ನು ತೋರಣವಾಗಿಯಾಗಲಿ, ಗೊಂಚಲಾಗಿಯಾಗಲಿ, ಮತ್ತಾವ ಬಗೆಯ ಶೃಂಗಾರವಾಗಿಯಾಗಲಿ ಬಳಸಕೂಡದೆಂದು 2002ರ ಜನವರಿ 26ರಿಂದ ಜಾರಿಯಲ್ಲಿರುವ ಧ್ವಜ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ರಾಷ್ಟ್ರಗೌರವಕ್ಕೆ ಅಪಮಾನವನ್ನು ತಡೆಯುವ 1971ರ ಅಧಿನಿಯಮವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧ್ವಜದ ಚಿತ್ರವೂ ಧ್ವಜವೇ, ಅದನ್ನು ಯಾವ ದ್ರವ್ಯದಿಂದ ಬರೆದಿದ್ದರೂ ಸರಿಯೇ ಎಂದು ಪರಿಗಣಿಸುತ್ತದೆ. ಅಂದಮೇಲೆ ನೂರು ಸಣ್ಣ ಧ್ವಜಗಳನ್ನು ಒಂದು ಹುರಿಗೆ ಪೋಣಿಸಿ ಮಾಡಿದ ಮಾಲೆಯೂ, ಅಂಗಳದಲ್ಲಿ ಬರೆದು ಮಧ್ಯಾಹ್ನದೊಳಗೆ ಹತ್ತು ಜನರ ಪಾದಗಳಿಗೆ ಸಿಕ್ಕುವ ಧ್ವಜಾಕಾರದ ರಂಗೋಲಿಯೂ, ಸದುದ್ದೇಶದಿಂದಲೇ ಮಾಡಿದವಾದರೂ, ತಾವು ಗೌರವಿಸಹೊರಟದ್ದನ್ನೇ ಲಘುಗೊಳಿಸುತ್ತವೆ. ಆ ಮಾಲೆ ಪ್ಲಾಸ್ಟಿಕ್ಕಿನದಾದರೆ ದೋಷವು ಇಮ್ಮಡಿಯಾಗುತ್ತದೆ: 2016ರಲ್ಲಿಯೇ ಕರ್ನಾಟಕ ಸರಕಾರವೂ, 2022ರ ಜುಲೈ 1ರಿಂದ ಕೇಂದ್ರ ಸರಕಾರವೂ ಪ್ಲಾಸ್ಟಿಕ್ ಧ್ವಜಗಳನ್ನು ನಿಷೇಧಿಸಿವೆ.

ಧ್ವಜವು ಮನೆಗೆ ಒಂದು ಸಾಕು. ಅದು ಉತ್ತಮವಾದದ್ದಾಗಿರಲಿ, ಎಲ್ಲಕ್ಕಿಂತ ಎತ್ತರದಲ್ಲಿರಲಿ. 2021ರ ಡಿಸೆಂಬರಿನ ತಿದ್ದುಪಡಿಯ ಅನಂತರ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಮಾನ್ಯತೆಯುಂಟು. 2022ರ ಜುಲೈಯಿಂದ ಮನೆಯ ಮೇಲೆ ಹಗಲಿರುಳೂ ಅದನ್ನು ಹಾರಿಸಬಹುದು. ಸೌಕರ್ಯ ಹೆಚ್ಚಿತು, ನಿಜ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕಾರ್ಯಾಗಾರದಲ್ಲಿ, ಬಾಗಲಕೋಟೆಯ ಕಡೆಯಿಂದ ಬಂದ ಖಾದಿಯ ಬಟ್ಟೆಯನ್ನು ಉದ್ದಗಲಗಳು ಮೂರಕ್ಕೆ ಎರಡರ ಪ್ರಮಾಣದಲ್ಲಿರುವಂತೆ ಕತ್ತರಿಸಿ, ಎರಡು ಮುಖದಲ್ಲಿಯೂ ಚಕ್ರವು ಕೂದಲೆಳೆಯಷ್ಟೂ ಸರಿಯದಂತೆ ಅಚ್ಚೊತ್ತಿ, ಹೊಲಿದು ಕೊಡುವ ಹೆಣ್ಣುಮಕ್ಕಳ ಪರಿಶ್ರಮವನ್ನು ಬಲ್ಲವರು ಹತ್ತು ವರುಷಕ್ಕೊಮ್ಮೆಯಾದರೂ ಅಂಥದೊಂದು ಧ್ವಜವನ್ನು ಕೊಂಡು, ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಲೇಸು. ನಮ್ಮಿಂದ ಆಗದ ಕೆಲಸವನ್ನು ಅದರಲ್ಲಿ ನುರಿತವರಿಂದ ಪಡೆಯುವುದು ಹೀನವಲ್ಲ. ನಮ್ಮಿಂದ ಆಗುವುದನ್ನೂ ಪೇಟೆಗೆ ಒಪ್ಪಿಸಿಬಿಡುವುದು ಮಾತ್ರ ಆಲಸ್ಯ.

ಇನ್ನು ಆಗುವುದು ಯಾವುದು ಎಂದರೆ, ಮೊದಲು ಋತುವನ್ನು ನೋಡಬೇಕು. ಆಗಸ್ಟ್ ಸೆಪ್ಟೆಂಬರುಗಳು ಮಳೆಯ ಮಾಸಗಳು. ಬಣ್ಣದ ಹಾಳೆಯ ಪರಪರಿ ಒಂದು ಸೋನೆಗೆ ಕರಗಿ ಗೋಡೆಯ ಸುಣ್ಣದ ಮೇಲೆ ಕೆಂಪುನೀರನ್ನಿಳಿಸುತ್ತದೆ. ಆ ಎರಡು ಪರ್ವಗಳಿಗೆ ಎಲೆ, ಹೂ, ಬಟ್ಟೆಗಳೇ ತಕ್ಕವು. ಹಸುರನ್ನು ಮಾವು ಬೇವುಗಳು ಉಚಿತವಾಗಿ ಕೊಡುತ್ತವೆ. ಕೇಸರಿಗೆ ಚೆಂಡುಹೂ, ಬಿಳುಪಿಗೆ ಸುಗಂಧರಾಜ. ಬಟ್ಟೆಯನ್ನೇ ಬಯಸುವವರು ದರ್ಜಿಯ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿ ತಂದು, ಮುಕ್ಕೋಣವಾಗಿ ಕತ್ತರಿಸಿ, ಅಂಚು ಬಿಚ್ಚದಂತೆ ಮಡಿಸಿ ಹೊಲಿದರೆ ಆ ಮಾಲೆ ಹಲವು ವರ್ಷ ಬಾಳುತ್ತದೆ. ಹಳೆಯ ಧೋತರದ ಬಿಳಿಯ ಬಟ್ಟೆಗೆ ಕೇಸರಿಯನ್ನು ಹಿಡಿಸಬೇಕಾದರೆ, ಬೇಸಗೆಯ ಮೊದಲಿಗೆ ಅರಳುವ ಮುತ್ತುಗದ ಹೂವನ್ನು ಒಣಗಿಸಿಟ್ಟುಕೊಂಡು, ಪಟಕ ಬೆರೆಸಿದ ನೀರಿನಲ್ಲಿ ಕುದಿಸಿ ಅದ್ದಬಹುದು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು: ಪ್ರತಿಯೊಂದು ತುಂಡೂ ಒಂದೇ ಬಣ್ಣದ್ದಾಗಿರಲಿ. ಕೇಸರಿಯದೊಂದು, ಬಿಳಿಯದೊಂದು, ಹಸುರಿನದೊಂದು ಹೀಗೆ ಸಾಲಾಗಿ ಬಂದರೆ ಮೂರು ಬಣ್ಣಗಳ ಸೊಬಗು ಕಣ್ಣಿಗೆ ದೊರೆಯುತ್ತದೆ. ಧ್ವಜವನ್ನು ತೋರಣವಾಗಿ ಮಾಡಿದ ದೋಷವೂ ತಟ್ಟುವುದಿಲ್ಲ. ಕಾಗದವನ್ನು ಜನವರಿಗೆ ಮೀಸಲಿಡೋಣ. ಆಗ ಆಕಾಶ ನಿರ್ಮಲವಾಗಿರುತ್ತದೆ, ಗೋಧಿಹಿಟ್ಟಿನ ಖಳಿ ಬೇಗ ಒಣಗುತ್ತದೆ, ಶಾಲೆಯ ಮಕ್ಕಳ ಕೈ ಕತ್ತರಿಗೆ ಹೇಗೂ ಹಾತೊರೆಯುತ್ತಿರುತ್ತದೆ.

ಚಕ್ರವನ್ನು ಮಾಡಲು ಜೋಳದ ದಂಟಿಗಿಂತ ಒಳ್ಳೆಯ ಸಾಮಗ್ರಿ ಈ ಸೀಮೆಯಲ್ಲಿ ಇಲ್ಲ. ದಂಟಿನ ಸಿಪ್ಪೆಯನ್ನು ಸೀಳಿ, ಒಳಗಿನ ಬೆಂಡಿಗೆ ಚುಚ್ಚಿ ಗಾಡಿಗಳನ್ನು ಕಟ್ಟುವ ಆಟ ಒಕ್ಕಲುಮಕ್ಕಳಿಗೆ ಹೊಸದಲ್ಲ. ಅರಗಳು ಇಪ್ಪತ್ತನಾಲ್ಕು ಸಮನಾಗಿ ಬರುವುದು ಹೇಗೆಂಬುದು ಕಷ್ಟವೆನಿಸೀತು. ಆದರೆ ವೃತ್ತಾಕಾರದ ಕಾಗದವನ್ನು ಮೂರು ಬಾರಿ ಅರ್ಧ ಅರ್ಧವಾಗಿ ಮಡಿಸಿದರೆ ಎಂಟು ಭಾಗವಾಗುತ್ತದೆ, ಆ ಮಡಿಕೆಯನ್ನು ಮತ್ತೆ ಮೂರಾಗಿ ಮಡಿಸಿ ಬಿಚ್ಚಿದರೆ ಇಪ್ಪತ್ತನಾಲ್ಕು ಗೆರೆಗಳು ಹದಿನೈದು ಹದಿನೈದು ಅಂಶಗಳ ಅಂತರದಲ್ಲಿ ತಾವೇ ಮೂಡುತ್ತವೆ. ಅದರ ಮೇಲೆ ಸೀಳುಗಳನ್ನು ಜೋಡಿಸಿ, ನೀಲಿಯನ್ನು ಬಳಿದು ಗೋಡೆಗೇರಿಸಬೇಕು. ಮಕ್ಕಳಿಗೆ ಚಕ್ರದ ಅರಗಳೆಷ್ಟೆಂಬುದನ್ನು ನೂರು ಬಾರಿ ಬಾಯಿಪಾಠ ಮಾಡಿಸುವುದಕ್ಕಿಂತ ಒಮ್ಮೆ ಅವರಿಂದ ಎಣಿಸಿ ಚುಚ್ಚಿಸುವುದು ಹೆಚ್ಚು ಫಲಕಾರಿ.

ನೆಲಕ್ಕೆ ರಂಗೋಲಿಯಿದೆ. ಕಲ್ಯಾಣದಲ್ಲಿ ಆಳಿದ ಚಾಳುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರಗಳ ಪ್ರಭೇದಗಳನ್ನು ಹೇಳುವಲ್ಲಿ ಪುಡಿಯಿಂದ ಬಿಡಿಸುವ ಧೂಳಿಚಿತ್ರಕ್ಕೂ ಸ್ಥಾನವನ್ನು ಕೊಟ್ಟಿದೆ. ಸಾಮ್ರಾಜ್ಯದ ಅಧಿಪತಿಯೊಬ್ಬನು ತನ್ನ ಗ್ರಂಥದಲ್ಲಿ ಗಣಿಸಲು ಯೋಗ್ಯವೆಂದೆಣಿಸಿದ ಕಲೆಯನ್ನು ಅದೇ ಊರಿನ ಗೃಹಿಣಿಯರು ಇಂದಿಗೂ ಪ್ರತಿದಿನ ಬೆಳಗ್ಗೆ, ಯಾರ ಪ್ರಶಂಸೆಯನ್ನೂ ನಿರೀಕ್ಷಿಸದೆ, ಎರಡು ಬೆರಳುಗಳ ನಡುವಿನಿಂದ ಸುರಿಸುತ್ತಾರೆ. ಪರ್ವದ ದಿನ ಅವರು ಧ್ವಜವನ್ನು ಬರೆಯುವುದು ಬೇಡ. ಚುಕ್ಕಿಗಳನ್ನಿಟ್ಟು ತಮಗೆ ವಾಡಿಕೆಯಾದ ನವಿಲನ್ನೋ ಬಳ್ಳಿಯನ್ನೋ ಬರೆದು ಮೂರು ಬಣ್ಣಗಳನ್ನು ತುಂಬಲಿ. ಅಚ್ಚುಹಾಳೆಯನ್ನು ನೆಲಕ್ಕಂಟಿಸಿ ಕೈತೊಳೆದುಕೊಳ್ಳುವ ಹೊಸ ರೂಢಿಗೆ ಕಲ್ಯಾಣದ ಅಂಗಳಗಳು ಎಡೆಗೊಡಬಾರದು.

ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರೂ ಈ ಪ್ರಸಂಗದಲ್ಲಿ ನೆನಪಾಗದಿರಲಾರರು. ಹುಲ್ಲಿನ ಹಗ್ಗವನ್ನು ಹೊಸೆದು ಜೀವಿಸಿದ ನುಲಿಯ ಚಂದಯ್ಯ, ಬಿದಿರನ್ನು ಸೀಳಿ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಬಟ್ಟೆಯನ್ನು ಮಡಿಮಾಡಿದ ಮಾಚಯ್ಯ, ಇವರೆಲ್ಲ ಕೈಗೆಲಸವನ್ನು ಹೊಟ್ಟೆಪಾಡೆಂದಷ್ಟೇ ಬಗೆಯದೆ ಪೂಜೆಯ ಮಟ್ಟಕ್ಕೇರಿಸಿದವರು. ತೋರಣಕ್ಕೆ ಹಗ್ಗ ಬೇಕು, ಕೋಲು ಬೇಕು, ಬಟ್ಟೆ ಬೇಕು. ಅನುಭವ ಮಂಟಪದ ಊರಿನವರು ಈ ಮೂರನ್ನೂ ಪ್ಲಾಸ್ಟಿಕ್ಕಿನ ಪೊಟ್ಟಣದಲ್ಲಿ ದೂರದ ಕಾರಖಾನೆಯಿಂದ ತರಿಸಿಕೊಂಡು ಕಾಯಕದ ವಿಷಯದಲ್ಲಿ ಭಾಷಣವನ್ನು ಕೇಳುವುದು ವಿಚಿತ್ರ. ಸೆಪ್ಟೆಂಬರ್ 17ರಂದೇ ಸಾಮಾನ್ಯವಾಗಿ ವಿಶ್ವಕರ್ಮ ಜಯಂತಿಯೂ ಬರುತ್ತದೆಂಬುದನ್ನು ಇದಕ್ಕೆ ಸೇರಿಸಿಕೊಂಡರೆ, ವಿಮೋಚನೆಯ ದಿನವನ್ನು ಕೈಗೆಲಸದಿಂದ ಆಚರಿಸಲು ಬೇರೆ ಸಮರ್ಥನೆಯೇ ಬೇಕಾಗದು.

ವ್ಯವಧಾನವೆಲ್ಲಿದೆಯೆಂದು ಕೇಳುವವರಿದ್ದಾರೆ. ಒಂದು ಕಟ್ಟೆಯ ಉದ್ದಕ್ಕೆ ಬೇಕಾದ ತೋರಣವನ್ನು ಮನೆಯ ನಾಲ್ಕು ಜನ ಕುಳಿತು ಹರಟುತ್ತಲೇ ಒಂದು ಸಂಜೆಯಲ್ಲಿ ಮುಗಿಸಬಹುದು. ಬೀದಿಬದಿಯಲ್ಲಿ ಮಾರುವ ಬಡವನ ಗತಿಯೇನೆಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರವಿಷ್ಟೆ: ಅವನು ಹೂವನ್ನೂ ಮಾವಿನ ತಳಿರನ್ನೂ ರಂಗೋಲಿಯ ಪುಡಿಯನ್ನೂ ಮಾರಲಿ. ನಾವು ಚೌಕಾಸಿ ಮಾಡದೆ ಕೊಳ್ಳೋಣ. ಆಗ ಹಣವು ಸುತ್ತಲಿನ ಹಳ್ಳಿಗಳ ಹೊಲಗಳಿಗೇ ಹೋಗುತ್ತದೆ.

ಬಣ್ಣಗಳ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ನಮ್ಮ ಬೀದಿಗಳಲ್ಲಿ ಕೇಸರಿಯದೇ ಒಂದು ಮೆರವಣಿಗೆ, ಹಸುರಿನದೇ ಒಂದು ಮೆರವಣಿಗೆ ಎಂದಾಗಿರುವುದು ಎಲ್ಲರೂ ಬಲ್ಲ ಸಂಗತಿ. 1948ರ ದುಃಖವೂ ಒಂದೇ ಸಮುದಾಯದ್ದಾಗಿರಲಿಲ್ಲ. ಗೋರಟಾದ ಗಾಯ ಎಷ್ಟು ಸತ್ಯವೋ, ಪೊಲೀಸ್ ಕಾರ್ಯಾಚರಣೆಯೆಂದು ಹೆಸರಾದ ಆ ಸೇನಾಕ್ರಮದ ಅನಂತರ ಬೀದರ ಜಿಲ್ಲೆಯ ಮುಸಲ್ಮಾನ ಕುಟುಂಬಗಳು ಅನುಭವಿಸಿದ್ದೆಂದು ಭಾರತ ಸರಕಾರ ಕಳುಹಿಸಿದ್ದ ಸುಂದರಲಾಲ್ ಸಮಿತಿ ದಾಖಲಿಸಿದ ಸಂಕಟವೂ ಅಷ್ಟೇ ಸತ್ಯ. ಆದ್ದರಿಂದ ಸೆಪ್ಟೆಂಬರ್ 17ರ ತೋರಣವು ನೆರೆಯವನ ಕಡೆಗೆ ನೀಡಿದ ಬೆರಳಾಗದೆ, ಅವನೊಡನೆ ಕೂಡಿ ಕಟ್ಟಿದ್ದಾಗಬೇಕು. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ನೆಲೆಗೊಳಿಸಿದ ಸಕಲಮತ ಸಂಪ್ರದಾಯಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ತಲೆಬಾಗಿದ್ದಾರೆ. ಅಂಥ ಊರಿನಲ್ಲಿ ಒಂದು ಹುರಿಯ ತುದಿಯನ್ನು ಈ ಮನೆಯ ಕಂಬಕ್ಕೂ ಇನ್ನೊಂದು ತುದಿಯನ್ನು ಎದುರುಮನೆಯ ಕಂಬಕ್ಕೂ ಬಿಗಿಯುವುದು ಅಸಾಧ್ಯವಾಗಕೂಡದು. ಕೊಂಡ ಮಾಲೆಯನ್ನು ಒಬ್ಬನೇ ತೂಗುಹಾಕಬಹುದು. ಓಣಿಗೆ ಅಡ್ಡವಾಗಿ ಕಟ್ಟುವ ತೋರಣಕ್ಕೆ ಎರಡು ಮನೆಗಳ ಒಪ್ಪಿಗೆ ಬೇಕೇಬೇಕು.

ಬಸವಕಲ್ಯಾಣದ ನಗರಸಭೆಗೂ ಹುಮನಾಬಾದಿನ ಪುರಸಭೆಗೂ ಈ ವಿಷಯದಲ್ಲಿ ಮಾಡಬಹುದಾದ ಕಾರ್ಯಗಳುಂಟು. ತಮ್ಮ ಕಟ್ಟಡಗಳಿಗೆ ದೀಪದ ಸರಗಳನ್ನು ಬಾಡಿಗೆಗೆ ತರಿಸುವ ವೆಚ್ಚದಲ್ಲಿ ಒಂದಂಶವನ್ನು ತೆಗೆದಿಟ್ಟು, ಹಬ್ಬಕ್ಕೆ ಹದಿನೈದು ದಿನ ಮುಂಚೆ ಓಣಿಯ ಶಾಲೆಗಳಿಗೆ ಬಟ್ಟೆಯನ್ನೂ ಹುರಿಯನ್ನೂ ಒದಗಿಸಲಿ. ಧ್ವಜ ಸಂಹಿತೆಯ ಮುಖ್ಯ ನಿಯಮಗಳನ್ನು ಕನ್ನಡ, ಉರ್ದು, ಮರಾಠಿಗಳಲ್ಲಿ ಒಂದೊಂದು ಪುಟವಾಗಿ ಮುದ್ರಿಸಿ ಹಂಚಲಿ. ಬಹುಮಾನವನ್ನು ಕೊಡುವುದಾದರೆ ಒಂಟಿ ಮನೆಗೆ ಕೊಡದೆ ಇಡೀ ಓಣಿಗೆ ಕೊಡಲಿ. ಬಹುಮಾನದ ತೀರ್ಪನ್ನು ಮಾತ್ರ ಹಬ್ಬದ ದಿನ ಹೇಳದೆ ಮೂರನೆಯ ದಿನ ಹೇಳುವುದು ವಿಹಿತ. ಹೂವೆಲೆಗಳು ಗೊಬ್ಬರದ ಗುಂಡಿಗೆ ಸೇರಿದುವೆ, ಬಟ್ಟೆಯ ಮಾಲೆ ಮುಂದಿನ ವರ್ಷಕ್ಕೆಂದು ಪೆಟ್ಟಿಗೆಯೊಳಗೆ ಹೋಯಿತೆ, ಧ್ವಜವನ್ನು ಮಡಿಸಿ ಎತ್ತಿಟ್ಟಿದ್ದಾರೆಯೆ, ಚರಂಡಿಯಲ್ಲಿ ಒಂದಾದರೂ ತ್ರಿವರ್ಣದ ತುಂಡು ಬಿದ್ದಿದೆಯೆ ಎಂಬುದನ್ನೆಲ್ಲ ನೋಡಿ ತೀರ್ಪುಗಾರರು ಅಂಕಗಳನ್ನು ಕೊಡಲಿ. ಕಟ್ಟಿದವರೇ ಬಿಚ್ಚಬೇಕೆಂಬ ನಿಯಮವೊಂದು ನೆಲೆಯೂರಿದರೆ, ಕಟ್ಟುವಾಗಲೇ ನಾವು ಎಷ್ಟನ್ನು, ಯಾವುದರಿಂದ, ಹೇಗೆ ಕಟ್ಟಬೇಕೆಂಬ ವಿವೇಕವು ಬೇರಾರ ಬೋಧನೆಯೂ ಬೇಡದೆ ಬರುತ್ತದೆ.