ಬೆಲ್ಟ್ ಜಾರುವುದೇಕೆ?

ಗೇರಿಲ್ಲದ ಸ್ಕೂಟರ್ ಏರು ಹತ್ತುತ್ತಿದೆ. ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ ಅರಚುತ್ತದೆ. ವೇಗ ಮಾತ್ರ ಏರದು. ಸುಟ್ಟ ರಬ್ಬರಿನ ವಾಸನೆ ಬೇರೆ. ಇದೇಕೆ ಹೀಗೆ?

2001ರಲ್ಲಿ ಬಂದ ಆಕ್ಟಿವಾದಂಥ ಸ್ಕೂಟರುಗಳಲ್ಲಿ ಎಂಜಿನ್ನಿನ ಶಕ್ತಿ ಚಕ್ರದತ್ತ ಸಾಗುವುದು ಎರಡು ಪುಲ್ಲಿಗಳ ನಡುವಿನ 'ವಿ' ಆಕಾರದ ಬೆಲ್ಟಿನ ಮೂಲಕ. ಬೆಲ್ಟಿನ ಓರೆ ಬದಿಗಳು ಪುಲ್ಲಿಯನ್ನು ಒತ್ತಿ ಹಿಡಿಯುತ್ತವೆ. ಈ ಹಿಡಿತವೇ ಘರ್ಷಣೆ. ಆದರೆ ಹಿಂದಿನ ಪುಲ್ಲಿಯ ಒಂದು ಪಕ್ಕ ಸಲೀಸಾಗಿ ಸರಿಯಬೇಕು. ಅದಕ್ಕೆಂದೇ ಅದರ ಒಳಗೆ ಗ್ರೀಸ್ ಇರುತ್ತದೆ. ಸೀಲ್ ಸವೆದರೆ ಅಥವಾ ಗ್ರೀಸ್ ಅತಿಯಾದರೆ, ತಿರುಗುವ ರಭಸಕ್ಕೆ ಅದು ಹೊರಚಿಮ್ಮಿ ಬೆಲ್ಟಿಗೆ ಮೆತ್ತಿಕೊಳ್ಳುತ್ತದೆ. ಹಿಡಿತ ತಪ್ಪುತ್ತದೆ.

ಬೆಲ್ಟ್ ಒರೆಸಿದರೆ ಸಾಲದು. ಸೀಲ್ ಬದಲಿಸಿ, ಪುಲ್ಲಿಯ ಮುಖಗಳನ್ನು ಜಿಡ್ಡು ಉಳಿಯದಂತೆ ತೊಳೆದು ಒಣಗಿಸಬೇಕು. ಗ್ರೀಸ್ ಹೀರಿದ ಬೆಲ್ಟಿಗೆ ಹೊಸದು ಹಾಕುವುದೇ ಲೇಸು. ಕಂಡದ್ದು ಗ್ರೀಸ್ ಅಲ್ಲ, ತೆಳು ಎಣ್ಣೆಯೆಂದಾದರೆ ಎಂಜಿನ್ ಅಥವಾ ಗೇರ್ ಬಾಕ್ಸಿನ ಸೀಲನ್ನು ನೋಡಿಸಬೇಕು. ಜಿಡ್ಡೇ ಇಲ್ಲವಾದರೆ ಬೆಲ್ಟೋ ಕ್ಲಚ್ ಶೂಗಳೋ ಸವೆದಿರಬಹುದು.

ಜಾರುವ ಬೆಲ್ಟ್ ಕಾದು ನಡುದಾರಿಯಲ್ಲಿ ತುಂಡಾದೀತು. ಲಾರಿಯನ್ನು ಹಿಂದೆ ಹಾಕುವಾಗ ವೇಗ ಕೈಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಮಕ್ಕಳು ಕಾಲೇಜಿಗೆ ಒಯ್ಯುವ ಗಾಡಿ ಹೀಗೆ ಅರಚಿದರೆ ಪಾಲಕರು ಅದನ್ನು ಅಂದೇ ಮೆಕ್ಯಾನಿಕ್‌ಗೆ ತೋರಿಸಲಿ.