ಸ್ಟೀಮ್ ಮಾಪ್ ಯಾರ ಕೈಗೆ?

ಅಮ್ಮ ಮನೆಗೆಲಸಕ್ಕೆ ಹೋಗೋ ಮನೇಲಿ ಸ್ಟೀಮ್ ಮಾಪ್ ಬಂದಿದೆ. ನೀರು ಕುದಿಸಿ ಹಬೆ ಬಿಡುತ್ತೆ, ಟೈಲ್ಸ್ ಕೊಳೆ ಬಿಡಿಸುತ್ತೆ. ಫಿನಾಯಿಲ್ ಬೇಡ, ಬಗ್ಗೋದೂ ಬೇಡ. ಆದ್ರೆ ಅದನ್ನ ಮುಟ್ಟೋದು ಯಜಮಾನಿ ಮಾತ್ರ, ಭಾನುವಾರ ಮಾತ್ರ. ಉಳಿದ 6 ದಿನ ಅಮ್ಮನಿಗೆ ಅದೇ ಹಳೇ ಬಟ್ಟೆ, ಬಕೆಟ್ಟು, ಮಂಡಿನೋವು. "ನಿಂಗೆ ಗೊತ್ತಾಗಲ್ಲ, ಹಾಳಾಗುತ್ತೆ" ಅಂತಾರೆ.

ಏನ್ ಸ್ವಾಮಿ ಗೊತ್ತಾಗಲ್ಲ? ಮೊದಲು ಕಸ ಗುಡಿಸಬೇಕು, ಪಾಲಿಶ್ ಹೋದ ಮರದ ನೆಲಕ್ಕೆ ಹಬೆ ಬಿಡಬಾರದು, ಪ್ಯಾಡ್ ಕೊಳೆಯಾದ್ರೆ ಬದಲಿಸಬೇಕು. 5 ನಿಮಿಷದ ಪಾಠ. ತಲೆಮಾರುಗಳಿಂದ ನಿಮ್ಮ ನೆಲ ಒರೆಸಿದವರು ಮೆಷಿನ್ ಬಂದಾಗ ಮಾತ್ರ ಅನರ್ಹರಾ?

ಲೋಟ ಬೇರೆ, ಲಿಫ್ಟ್ ಬೇರೆ, ಈಗ ಮಾಪೂ ಬೇರೆ. ಇದಕ್ಕೆ ಒಂದೇ ಹೆಸರು: ಜಾತಿ.

ಕೊಳ್ಳೋ ಮುಂಚೆ ದಿನಾ ಒರೆಸೋರನ್ನೇ ಕೇಳಿ: ತೂಕ ಹಗುರವಾ, ವೈರ್ ಉದ್ದ ಸಾಕಾ? ಕೊಂಡ ಮೇಲೆ ಅವರ ಕೈಗೇ ಕೊಡಿ. ಕೆಲಸ ಹಗುರಾಯ್ತು ಅಂತ ಸಂಬಳ ಕತ್ತರಿಸಬೇಡಿ.

ಜೈ ಭೀಮ್.